ಕೆಳಗೆ ಬರೆದಷ್ಟೇ ದಿಲ್ಲಿಗೆ ಕಾಣುತ್ತದೆ

ಸಂಸತ್ತಿನಲ್ಲಿ ಇಲಾಖಾ ಸಂಬಂಧಿತ ಸ್ಥಾಯಿ ಸಮಿತಿಗಳು ಎಷ್ಟು? 24. ಒಂದೊಂದರಲ್ಲಿ ಸದಸ್ಯರೆಷ್ಟು? 31. ಯಾವ ಸದನದಿಂದ ಎಷ್ಟು? ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಚಿವರು ಸದಸ್ಯರಾಗಬಹುದೇ? ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ ಕೇಳಿ, ಈ ನಾಲ್ಕು ಉತ್ತರಗಳು ಥಟ್ಟನೆ ಬರುತ್ತವೆ. ಐದನೆಯದೊಂದು ಪ್ರಶ್ನೆಯಿದೆ. ಅದನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲ: ಈ ಸಮಿತಿಗಳು ಬರೆದ ಒಂದಾದರೂ ವರದಿಯನ್ನು ಓದಿದ್ದೀರಾ?

ನಾನು ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್‌ಗೆ ಓದುತ್ತಿರುವವಳು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಆಗಿದೆ. ಒಂದೇ ರೂಮಿನಲ್ಲಿ ನಾವು ಮೂವರು. ಒಬ್ಬಾಕೆ ನರ್ಸಿಂಗ್ ಮುಗಿಸಿ ಕೋವಿಡ್ ಕಾಲದಲ್ಲಿ ಗುತ್ತಿಗೆ ಮೇಲೆ ದುಡಿದು, ಈಗ ಕಾಯಂ ಹುದ್ದೆಯ ಅಧಿಸೂಚನೆಗೆ ಕಾಯುತ್ತಿದ್ದಾಳೆ. ಇನ್ನೊಬ್ಬಾಕೆ ಬಿ.ಕಾಂ. ಮಾಡಿ, ಹಗಲು ಒಂದು ಕಚೇರಿಯಲ್ಲಿ ಡೇಟಾ ಎಂಟ್ರಿ ಕೆಲಸ ಮಾಡಿ, ರಾತ್ರಿ ಎಫ್‌ಡಿಎ ಪರೀಕ್ಷೆಗೆ ಓದುತ್ತಾಳೆ. ಕಳೆದ ಬೇಸಿಗೆಯಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸ್ಥಾಯಿ ಸಮಿತಿಯ ಕೆಲವು ವರದಿಗಳನ್ನು ಇಳಿಸಿಕೊಂಡು, ಝೆರಾಕ್ಸ್ ಮಾಡಿಸಿ, ಒಂದೊಂದಾಗಿ ಓದತೊಡಗಿದೆವು. ಡೇಟಾ ಎಂಟ್ರಿಯ ಗೆಳತಿ ಕಟ್ಟು ನೋಡಿದವಳೇ, ‘ಏ ಅಕ್ಕಾ, ಇದು ಪರೀಕ್ಷಾಕ್ಕ ಬರ್ತದೇನು?’ ಎಂದಳು. ಬರುವುದಿಲ್ಲ ಎಂದೆ. ಆದರೂ ಪಕ್ಕದಲ್ಲಿ ಬಂದು ಕೂತಳು.

ಆ ಓದಿನಿಂದ ನಮಗೆ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕು ಎನಿಸಿತು. ಯಾಕೆಂದರೆ ಈ ಪುಟ ಓದುವ ನಮ್ಮಂಥವರ ಮುಂದಿನ ಕೆಲಸಕ್ಕೂ ಆ ವರದಿಗಳಿಗೂ ನೇರ ನಂಟಿದೆ.

ಐದು ತಿಂಗಳು ಮೊದಲೇ ಬಂದ ಎಚ್ಚರಿಕೆ

ಮೊದಲು ಓದಿದ್ದು 123ನೇ ವರದಿ. ಕೋವಿಡ್ ಪಿಡುಗು ಮತ್ತು ಅದರ ನಿರ್ವಹಣೆ ಕುರಿತದ್ದು. ರಾಮ್‌ಗೋಪಾಲ್ ಯಾದವ್ ಅಧ್ಯಕ್ಷತೆಯ ಸಮಿತಿ ಅದನ್ನು ರಾಜ್ಯಸಭೆಯ ಸಭಾಪತಿಗೆ ಸಲ್ಲಿಸಿದ್ದು 2020ರ ನವೆಂಬರ್‌ನಲ್ಲಿ. ಆ ಹೊತ್ತಿಗೆ ಮೊದಲ ಅಲೆ ಇಳಿಯುತ್ತಿತ್ತು. ಮದುವೆ, ಜಾತ್ರೆ ಮತ್ತೆ ಶುರುವಾಗುತ್ತಿದ್ದವು. ಎಲ್ಲರಿಗೂ ‘ಮುಗೀತು’ ಎನ್ನುವ ನೆಮ್ಮದಿ.

ಸಮಿತಿಗೆ ಆ ನೆಮ್ಮದಿ ಇರಲಿಲ್ಲ. ಅಧಿಕಾರಿಗಳು ಅದರ ಮುಂದೆ ಲೆಕ್ಕ ಇಟ್ಟಿದ್ದರು. ಕೋವಿಡ್‌ಗೆ ಮೊದಲು ದೇಶದ ಆಸ್ಪತ್ರೆಗಳಿಗೆ ದಿನಕ್ಕೆ ಸುಮಾರು 1,000 ಟನ್ ಆಮ್ಲಜನಕ ಸಾಕಾಗುತ್ತಿತ್ತು. 2020ರ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅದು ಸುಮಾರು 3,000 ಟನ್ನಿಗೆ ಏರಿತ್ತು. ದೇಶದ ಒಟ್ಟು ಉತ್ಪಾದನೆ ದಿನಕ್ಕೆ ಸುಮಾರು 6,900 ಟನ್. ಕಾಗದದ ಮೇಲೆ ಬೇಕಾದಷ್ಟಿದೆ. ಆದರೂ ಸಮಿತಿ, ಆಸ್ಪತ್ರೆಗಳ ಬೇಡಿಕೆಗೆ ತಕ್ಕಂತೆ ಆಮ್ಲಜನಕ ಸಿಗುವ ಹಾಗೆ ಉತ್ಪಾದನೆಗೆ ಉತ್ತೇಜನ ಕೊಡಿ, ಸಿಲಿಂಡರ್ ಬೆಲೆಗೆ ಮಿತಿ ಹಾಕಿ ಎಂದಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಸಿಗೆ ಸಾಲದು ಎಂದಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಜಿಡಿಪಿಯ ಶೇ 2.5ರಷ್ಟನ್ನು ಸಾರ್ವಜನಿಕ ಆರೋಗ್ಯಕ್ಕೆ ಖರ್ಚು ಮಾಡುವುದಾಗಿ ಹೇಳಿತ್ತಲ್ಲ, ಅಲ್ಲಿಯವರೆಗೆ ಕಾಯಬೇಡಿ, ಎರಡು ವರ್ಷದಲ್ಲೇ ಆ ಗುರಿ ಮುಟ್ಟಿ ಎಂದಿತು.

ಸರ್ಕಾರ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಘಟಕಗಳನ್ನು ಜಿಲ್ಲಾ ಆಸ್ಪತ್ರೆಗಳಲ್ಲಿ ಹಾಕುವ ಯೋಜನೆ ಆಗಲೇ ಇತ್ತು. 2021ರ ಜನವರಿಯಲ್ಲಿ ಪಿಎಂ ಕೇರ್ಸ್ ನಿಧಿಯಿಂದ ಇಂಥ 162 ಘಟಕಗಳಿಗೆ 201.58 ಕೋಟಿ ರೂಪಾಯಿ ಹಂಚಿಕೆಯಾಯಿತು. ಏಪ್ರಿಲ್ ಮಧ್ಯದಲ್ಲಿ ಎರಡನೇ ಅಲೆ ಬಂದು ಬಡಿದಾಗ, ಆರೋಗ್ಯ ಸಚಿವಾಲಯವೇ ಕೊಟ್ಟ ಲೆಕ್ಕದ ಪ್ರಕಾರ ಸ್ಥಾಪನೆಯಾಗಿದ್ದು 33. ಅತ್ತ ಬೇಡಿಕೆ 9,000 ಟನ್ನಿನ ಹತ್ತಿರಕ್ಕೆ ಏರಿತ್ತು.

ನಾವು ಈ ಪುಟಗಳನ್ನು ಓದುತ್ತಿದ್ದಾಗ ನರ್ಸ್ ಗೆಳತಿ ಸುಮ್ಮನಾದಳು. ಆ ಏಪ್ರಿಲ್‌ನಲ್ಲಿ ಅವಳು ಡ್ಯೂಟಿಯಲ್ಲಿದ್ದಳು. ‘ನವೆಂಬರ್‌ದಾಗ ಬರ್ದಿಟ್ಟಾರ ಇವರು?’ ಎಂದು ತಾರೀಖನ್ನು ಇನ್ನೊಮ್ಮೆ ನೋಡಿದಳು. ಅಷ್ಟೇ.

‘ನಿರ್ದಿಷ್ಟವಾಗಿ ವರದಿಯಾಗಿಲ್ಲ’

ಕರ್ನಾಟಕದವರಿಗೆ ಮುಂದಿನ ಕಥೆ ಗೊತ್ತಿರುವುದೇ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕ ಇಲ್ಲದೆ ಸತ್ತವರು 3 ಮಂದಿ ಮಾತ್ರ ಎಂದು ಆಗಿನ ಆರೋಗ್ಯ ಸಚಿವರು ಮೊದಲು ಹೇಳಿದರು. ಹೈಕೋರ್ಟ್ ಮಧ್ಯಪ್ರವೇಶಿಸಿ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡ ನೇತೃತ್ವದ ಸಮಿತಿಯಿಂದ ತಪಾಸಣೆ ಮಾಡಿಸಿತು. ಅದೇ ತಿಂಗಳು ಬಂದ ವರದಿ, ಸಾವುಗಳಿಗೆ ಆಮ್ಲಜನಕದ ಕೊರತೆ ಕಾರಣ ಎಂದಿತು.

ಈಗ ಸಂಸತ್ತಿಗೆ ಬನ್ನಿ. 2021ರ ಬಜೆಟ್ ಅಧಿವೇಶನ ಮಾರ್ಚ್ 25ಕ್ಕೇ ಮುಗಿದಿತ್ತು. ಮುಂಗಾರು ಅಧಿವೇಶನ ಶುರುವಾಗಿದ್ದು ಜುಲೈ 19ಕ್ಕೆ. ಅಂದರೆ ಎರಡನೇ ಅಲೆ ಏರಿ, ಉಕ್ಕಿ, ಇಳಿದ ಅಷ್ಟೂ ದಿನ ಸದನಗಳು ಸೇರಿರಲಿಲ್ಲ. ಸೇರಿದ ಮರುದಿನ, ಜುಲೈ 20ರಂದು, ರಾಜ್ಯಸಭೆಯಲ್ಲಿ ಸದಸ್ಯ ಕೆ.ಸಿ. ವೇಣುಗೋಪಾಲ್ ಅವರ ಪ್ರಶ್ನೆಯೊಂದು ಬಂತು: ಆಮ್ಲಜನಕದ ಕೊರತೆಯಿಂದ ಎಷ್ಟು ಜನ ಸತ್ತರು? ಆರೋಗ್ಯ ಖಾತೆ ರಾಜ್ಯ ಸಚಿವೆ ಭಾರತಿ ಪ್ರವೀಣ್ ಪವಾರ್ ಕೊಟ್ಟ ಲಿಖಿತ ಉತ್ತರದ ಸಾರ ಇಷ್ಟು: ಆರೋಗ್ಯ ರಾಜ್ಯಗಳ ವಿಷಯ, ಸಾವಿನ ಮಾಹಿತಿ ಕೊಡುವುದು ರಾಜ್ಯಗಳು, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದ್ದಾಗಿ ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ.

ದೇಶದ ತುಂಬ ಗದ್ದಲವಾಯಿತು. ಸುಳ್ಳು ಎಂದರು ಕೆಲವರು, ರಾಜ್ಯಗಳದ್ದೇ ತಪ್ಪು ಎಂದರು ಕೆಲವರು. ನಾವು ಮೂವರು ಆ ಉತ್ತರವನ್ನು ನಾಲ್ಕೈದು ಸಲ ಓದಿದೆವು. ಅದರೊಳಗೆ ‘ನಿರ್ದಿಷ್ಟವಾಗಿ’ ಎನ್ನುವ ಒಂದು ಪದವಿದೆ. ಯಾರೂ ಸತ್ತಿಲ್ಲ ಎಂದು ಆ ವಾಕ್ಯ ಹೇಳುವುದಿಲ್ಲ. ಹಾಗೆಂದು ಯಾರೂ ಬರೆದು ಕಳಿಸಿಲ್ಲ ಎನ್ನುತ್ತದೆ. ನರ್ಸ್ ಗೆಳತಿ ಬಿಡಿಸಿ ಹೇಳಿದಳು: ‘ಕೇಸ್ ಶೀಟಿನ್ಯಾಗ ಸಾವಿನ ಕಾರಣ ಅಂತ ಒಂದು ಜಾಗಾ ಇರ್ತದ. ಕೋವಿಡ್ ನ್ಯುಮೋನಿಯಾ, ಉಸಿರಾಟದ ವೈಫಲ್ಯ ಅಂತ ಬರೀತಾರ. ಸಿಲಿಂಡರ್ ಖಾಲಿ ಆಗಿತ್ತು ಅಂತ ಬರೀಲಿಕ್ಕೆ ಅಲ್ಲಿ ಕಾಲಂ ಇಲ್ಲ. ನಾವು ಬರದಷ್ಟೇ ಮ್ಯಾಲೆ ಹೋಗ್ತದ.’

ಈ ಮಾತು ಹಿಡಿದುಕೊಂಡು ನಾವು ನೋಟ್‌ಬುಕ್ಕಿನಲ್ಲಿ ಒಂದು ಏಣಿ ಬರೆದೆವು. ವಾರ್ಡಿನ ಕೇಸ್ ಶೀಟ್. ಅದರಿಂದ ಆಸ್ಪತ್ರೆಯ ರಿಜಿಸ್ಟರ್. ಅಲ್ಲಿಂದ ಜಿಲ್ಲೆಯ ನಮೂನೆ. ಅಲ್ಲಿಂದ ರಾಜ್ಯದ ಬುಲೆಟಿನ್. ಅಲ್ಲಿಂದ ಕೇಂದ್ರ ಸಚಿವಾಲಯದ ಕಡತ. ಕೊನೆಗೆ ರಾಜ್ಯಸಭೆಯಲ್ಲಿ ಒಂದು ಉತ್ತರ. ಏಣಿಯ ಮೊದಲ ಮೆಟ್ಟಿಲಲ್ಲಿ ಇಲ್ಲದ ಸಂಗತಿ ಕೊನೆಯ ಮೆಟ್ಟಿಲಲ್ಲಿ ಹುಟ್ಟುವುದಿಲ್ಲ. ಸಂಸದರು ಎಷ್ಟೇ ಜಾಣತನದಿಂದ ಕೇಳಲಿ, ಕೆಳಗೆ ಬರೆದಷ್ಟೇ ದಿಲ್ಲಿಗೆ ಕಾಣುತ್ತದೆ.

ಸಮಿತಿ ಈ ಉತ್ತರಕ್ಕೆ ಸುಮ್ಮನಾಗಲಿಲ್ಲ ಎನ್ನುವುದನ್ನೂ ಹೇಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬಂದ 137ನೇ ವರದಿಯಲ್ಲಿ, ಆಮ್ಲಜನಕದ ಕೊರತೆಯ ಸಾವುಗಳನ್ನು ಸಚಿವಾಲಯ ಅಲ್ಲಗಳೆದದ್ದು ನಿರಾಸೆ ತಂದಿದೆ ಎಂದು ಅದು ದಾಖಲಿಸಿತು. ರಾಜ್ಯಗಳ ಜೊತೆ ಸೇರಿ ಅಂಥ ಸಾವುಗಳ ಆಡಿಟ್ ಮಾಡಿ ಎಂದು ಶಿಫಾರಸು ಮಾಡಿತು. ನಿಯಂತ್ರಣ ಕ್ರಮಗಳನ್ನು ಸಕಾಲದಲ್ಲಿ ಜಾರಿ ಮಾಡಿದ್ದರೆ ಎಷ್ಟೋ ಜೀವ ಉಳಿಯುತ್ತಿದ್ದವು ಎಂದೂ ಬರೆಯಿತು. ಇದನ್ನು ಬರೆದ ಸಮಿತಿಯಲ್ಲಿ ಆಳುವ ಪಕ್ಷದವರೂ ಇದ್ದರು, ವಿರೋಧ ಪಕ್ಷದವರೂ ಇದ್ದರು.

ಹತ್ತು ಒಂಬತ್ತುಗಳು

ಸಂಸತ್ತಿಗೆ ಇನ್ನೊಂದು ಕಣ್ಣಿದೆ: ಸಾರ್ವಜನಿಕ ಲೆಕ್ಕಪತ್ರ ಸಮಿತಿ. 22 ಸದಸ್ಯರು, 1967ರಿಂದ ಅಧ್ಯಕ್ಷಗಿರಿ ವಿರೋಧ ಪಕ್ಷಕ್ಕೆ. ಸಿಎಜಿ ಕೊಡುವ ಆಡಿಟ್ ವರದಿಗಳನ್ನು ಮುಂದಿಟ್ಟುಕೊಂಡು ಅಧಿಕಾರಿಗಳನ್ನು ಕರೆದು ವಿಚಾರಿಸುವುದು ಇದರ ಕೆಲಸ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ಆಡಿಟ್ ವರದಿಗಳ ಒಳಗೆ ಏನಿರುತ್ತದೆ ನೋಡಿ.

2023ರ ಆಗಸ್ಟ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯ ಬಗ್ಗೆ ಸಿಎಜಿ ವರದಿ ಸಂಸತ್ತಿನಲ್ಲಿ ಮಂಡನೆಯಾಯಿತು. ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಭರಿಸುವ ಯೋಜನೆ ಇದು. ಅದರ ದತ್ತಾಂಶವನ್ನು ತಡಕಾಡಿದ ಆಡಿಟರುಗಳಿಗೆ ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾದ ಸುಮಾರು 7.5 ಲಕ್ಷ ಫಲಾನುಭವಿಗಳು ಸಿಕ್ಕರು. ಆ ಸಂಖ್ಯೆ 9999999999. ಹತ್ತು ಒಂಬತ್ತುಗಳು.

ಇದನ್ನು ಓದಿ ಡೇಟಾ ಎಂಟ್ರಿಯ ಗೆಳತಿ ನಕ್ಕುಬಿಟ್ಟಳು. ‘ಫೋನ್ ನಂಬರ್ ಹಾಕದಿದ್ರ ಸಾಫ್ಟ್‌ವೇರ್ ಮುಂದಕ್ಕ ಹೋಗಂಗಿಲ್ಲ ಅಕ್ಕಾ. ಹೊರಗ ಜನ ಸಾಲು ನಿಂತಿರ್ತಾರ. ದಿನಕ್ಕ ಇಷ್ಟು ಅಂತ ಟಾರ್ಗೆಟ್ ಇರ್ತದ. ಒಂಬತ್ತು ಒತ್ತಿ ಹಿಡಿದ್ರ ಮುಗೀತು.’ ಆಯುಷ್ಮಾನ್ ಕೇಂದ್ರಗಳಲ್ಲಿ ಹೀಗೇ ಆಯಿತೆಂದು ಅವಳು ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಫಲಾನುಭವಿಯ ಗುರುತು ಪರಿಶೀಲಿಸಲು ಮೊಬೈಲ್ ಸಂಖ್ಯೆ ಬಳಸುವುದಿಲ್ಲ, ಅದು ಸಂಪರ್ಕಕ್ಕಷ್ಟೇ ಎಂದು ಸರ್ಕಾರ ವಿವರಣೆ ಕೊಟ್ಟಿದೆ. ಆದರೆ ಕೆಲಸದ ಒತ್ತಡ ಹೇಗಿರುತ್ತದೆ ಎನ್ನುವುದು ಅವಳಿಗೆ ಗೊತ್ತು. ನಾಳೆ ಆ ಫಲಾನುಭವಿಗೆ ಫೋನ್ ಮಾಡಿ, ‘ಅಮ್ಮಾ, ನಿಮ್ಮ ಹೆಸರಲ್ಲಿ ಆಸ್ಪತ್ರೆಯವರು ಬಿಲ್ ಕಳಿಸಿದ್ದಾರೆ, ನಿಮಗೆ ನಿಜವಾಗಿಯೂ ಚಿಕಿತ್ಸೆ ಸಿಕ್ಕಿತಾ?’ ಎಂದು ಕೇಳಬೇಕಾದರೆ ಯಾವ ನಂಬರಿಗೆ ಮಾಡುವುದು?

ಹೀಗೆ ಕಾಗದದ ಹಿಂದೆ ಬೀಳುವ ಸಮಿತಿಗಳಿಗೆ ಎಷ್ಟು ದೂರ ಹೋಗಲು ಸಾಧ್ಯ ಎನ್ನುವುದಕ್ಕೆ 2012ರ 59ನೇ ವರದಿ ನೋಡಬೇಕು. ದೇಶದಲ್ಲಿ ಹೊಸ ಔಷಧಗಳಿಗೆ ಅನುಮತಿ ಕೊಡುವ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಬಗ್ಗೆ ಆರೋಗ್ಯ ಸ್ಥಾಯಿ ಸಮಿತಿಯೇ ಬರೆದದ್ದು. ಸಮಿತಿ 42 ಔಷಧಗಳ ಕಡತ ಕೇಳಿತು. ಮೂರು ಔಷಧಗಳ ಕಡತ ಸಿಗುತ್ತಿಲ್ಲ ಎಂಬ ಉತ್ತರ ಬಂತು. ಉಳಿದ 39ರಲ್ಲಿ 11 ಔಷಧಗಳಿಗೆ ಕಡ್ಡಾಯವಾಗಿದ್ದ ಮೂರನೇ ಹಂತದ ಪ್ರಯೋಗವೇ ನಡೆದಿರಲಿಲ್ಲ. ಬೇರೆ ಬೇರೆ ಊರುಗಳ ತಜ್ಞರು ಬರೆದ ಶಿಫಾರಸು ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಕ್ಷರಕ್ಕೆ ಅಕ್ಷರ ಒಂದೇ. ಪರೀಕ್ಷಾ ಕೊಠಡಿಯಲ್ಲಿ ಇಂಥ ಉತ್ತರಪತ್ರಿಕೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ನಮಗೆಲ್ಲ ಗೊತ್ತು.

ವರದಿ ಕಾನೂನಾದ ಬಗೆ

ಇಷ್ಟು ಓದಿದ ಮೇಲೆ ನಿಮಗೆ ಅನಿಸಬಹುದು: ಬರೆಯುತ್ತಾರೆ, ಸಲ್ಲಿಸುತ್ತಾರೆ, ಕಪಾಟು ಸೇರುತ್ತದೆ. ಅರ್ಧ ನಿಜ. ಸ್ಥಾಯಿ ಸಮಿತಿಯ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಅದಕ್ಕಿರುವುದು ಸಲಹೆಯ ಬಲ. ಆದರೆ ಸರ್ಕಾರ ಉತ್ತರ ಕೊಡಬೇಕು. ಯಾವ ಶಿಫಾರಸು ಒಪ್ಪಿದ್ದೇವೆ, ಯಾವುದನ್ನು ಒಪ್ಪಿಲ್ಲ, ಯಾಕೆ ಎಂದು ಮೂರು ತಿಂಗಳೊಳಗೆ ತಿಳಿಸಬೇಕು. ಆ ಉತ್ತರಗಳನ್ನು ತೂಗಿ ಸಮಿತಿ ಇನ್ನೊಂದು ವರದಿ ಬರೆಯುತ್ತದೆ. ಅದೇ ‘ಕ್ರಮ ಕೈಗೊಂಡ ವರದಿ’. ಒಪ್ಪಿದ್ದು, ಸರ್ಕಾರದ ವಿವರಣೆ ಕೇಳಿ ಸಮಿತಿ ಕೈಬಿಟ್ಟದ್ದು, ಸರ್ಕಾರದ ಉತ್ತರವನ್ನು ಸಮಿತಿ ತಿರಸ್ಕರಿಸಿದ್ದು, ಪೂರ್ಣ ಉತ್ತರ ಇನ್ನೂ ಬಾರದ್ದು ಎಂದು ಅದರಲ್ಲಿ ನಾಲ್ಕು ಭಾಗ. ಮೂರನೇ ಭಾಗವನ್ನು ಮೊದಲು ಓದಿ. ಜಟಾಪಟಿ ಎಲ್ಲ ಅಲ್ಲಿದೆ.

ಇನ್ನರ್ಧ ನಿಜಕ್ಕೆ 92ನೇ ವರದಿಯ ಕಥೆ ಕೇಳಿ. 2016ರ ಮಾರ್ಚ್‌ನಲ್ಲಿ ಬಂದ ಅದು ಭಾರತೀಯ ವೈದ್ಯಕೀಯ ಪರಿಷತ್ತಿನ ಕಾರ್ಯವೈಖರಿಯನ್ನು ಕುರಿತದ್ದು. ವೈದ್ಯಕೀಯ ಶಿಕ್ಷಣವನ್ನು ನಿಯಂತ್ರಿಸುವ ಸಂಸ್ಥೆ ತನ್ನ ಹೊಣೆಯನ್ನು ನಿಭಾಯಿಸುತ್ತಿಲ್ಲ, ಇಡೀ ವ್ಯವಸ್ಥೆಯನ್ನೇ ಬದಲಿಸಿ ಎಂದು ಸಮಿತಿ ನೇರವಾಗಿ ಬರೆಯಿತು. ವೈದ್ಯಕೀಯ ಸೀಟುಗಳಿಗೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ ಬೇಕು ಎಂಬುದನ್ನೂ ಬೆಂಬಲಿಸಿತು. ಎರಡೇ ತಿಂಗಳಿಗೆ, 2016ರ ಮೇ 2ರಂದು, ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಈ ವರದಿಯನ್ನು ಎತ್ತಿಕೊಂಡಿತು. ಪರಿಷತ್ತಿನ ಮೇಲುಸ್ತುವಾರಿಗೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ನೇತೃತ್ವದ ಸಮಿತಿಯನ್ನು ನೇಮಿಸಿತು. 2019ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಬಂತು. 2020ರ ಸೆಪ್ಟೆಂಬರ್ 25ರಂದು ಹೊಸ ಆಯೋಗ ಅಸ್ತಿತ್ವಕ್ಕೆ ಬಂದು, ಹಳೆಯ ಪರಿಷತ್ತು ಇತಿಹಾಸ ಸೇರಿತು. ಹೊಸ ಆಯೋಗ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಬೇರೆ ಚರ್ಚೆ. ಒಂದು ವರದಿಯಿಂದ ಕಾನೂನಿನವರೆಗೆ ದಾರಿ ಇದೆ ಎನ್ನುವುದು ಮುಖ್ಯ.

92ನೇ ವರದಿಗೂ 123ನೇ ವರದಿಗೂ ಏನು ವ್ಯತ್ಯಾಸ? ಎರಡನ್ನೂ ಬರೆದದ್ದು ಒಂದೇ ಸಮಿತಿ, ಎರಡಕ್ಕೂ ಅದೇ ಸಲಹೆಯ ಬಲ. ಆದರೆ ಮೊದಲನೆಯದನ್ನು ಹೊರಗಿನವರು ಎತ್ತಿಕೊಂಡರು. ನ್ಯಾಯಾಲಯದಲ್ಲಿ ಉಲ್ಲೇಖವಾಯಿತು, ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಎರಡನೆಯದು ಬಂದಾಗ ಮೊದಲ ಅಲೆ ಇಳಿದ ನೆಮ್ಮದಿಯಲ್ಲಿದ್ದ ನಾವು ಯಾರೂ ಅದರತ್ತ ತಿರುಗಿ ನೋಡಲಿಲ್ಲ. ಎಲ್ಲರಿಗೂ ಅದರ ನೆನಪಾದದ್ದು ಏಪ್ರಿಲ್‌ನಲ್ಲಿ, ಸಿಲಿಂಡರ್‌ಗಾಗಿ ಜನ ಬೀದಿಬೀದಿ ಅಲೆದಾಗ.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ನಮ್ಮ ಸಮಿತಿಗಳ ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ವರದಿ ಹೊರಬಂದಾಗಲೇ ನಮಗೆ ಗೊತ್ತಾಗುವುದು. ಇದಕ್ಕೊಂದು ಸಮರ್ಥನೆಯೂ ಇದೆ. ಕ್ಯಾಮೆರಾ ಇಲ್ಲದಿದ್ದರೆ ಸದಸ್ಯರು ಪಕ್ಷ ಮರೆತು ಮಾತಾಡುತ್ತಾರೆ, ಕೂಗಾಟ ಇರುವುದಿಲ್ಲ ಎನ್ನುತ್ತಾರೆ. 137ನೇ ವರದಿಯಂಥವನ್ನು ಓದಿದರೆ ಆ ಮಾತಿನಲ್ಲಿ ಹುರುಳಿದೆ ಎನಿಸುತ್ತದೆ.

ಆದರೆ ಇದೇ ಕೋವಿಡ್ ಕಾಲದಲ್ಲಿ ಬೇರೆ ಸಂಸತ್ತು ಹೇಗೆ ನಡೆದುಕೊಂಡಿತು ಎಂದು ಹೋಲಿಸಿ ನೋಡುವುದೂ ಒಳ್ಳೆಯದು. ನಮ್ಮ ಸಂಸದೀಯ ಪದ್ಧತಿಯ ಬೇರು ಇರುವ ಬ್ರಿಟನ್ನನ್ನೇ ತೆಗೆದುಕೊಳ್ಳಿ. ಅಲ್ಲಿ 1948ರಿಂದ ಎನ್‌ಎಚ್‌ಎಸ್ ಎಂಬ ಸಾರ್ವಜನಿಕ ಆರೋಗ್ಯ ಸೇವೆ ಇದೆ. ಕೋವಿಡ್ ಬಂದಾಗ ಅಲ್ಲಿನ ಸಂಸತ್ತು 2020ರ ಏಪ್ರಿಲ್‌ನಲ್ಲೇ ಅರ್ಧ ಸದನದಲ್ಲಿ, ಅರ್ಧ ವಿಡಿಯೊದಲ್ಲಿ ಕಲಾಪ ಆರಂಭಿಸಿತು. ನಮ್ಮಲ್ಲಿ ಸದನ ಮತ್ತೆ ಸೇರಿದ್ದು ಸೆಪ್ಟೆಂಬರ್ 14ಕ್ಕೆ, ಅದೂ ಪ್ರಶ್ನೋತ್ತರ ಅವಧಿ ಇಲ್ಲದೆ, ಲಿಖಿತ ಉತ್ತರಗಳಷ್ಟೇ. ಸಮಿತಿಗಳು ವಿಡಿಯೊ ಮೂಲಕ ಸಭೆ ನಡೆಸಲು ಗೋಪ್ಯತೆಯ ಕಾರಣಕ್ಕೆ ಒಪ್ಪಿಗೆ ಸಿಗಲಿಲ್ಲ.

ಅಲ್ಲಿನ ಸಮಿತಿಗಳು ಸಾಕ್ಷ್ಯ ಕೇಳುವುದನ್ನು ಯಾರು ಬೇಕಾದರೂ ಪರದೆಯ ಮೇಲೆ ನೋಡಬಹುದು. 2021ರ ಮೇ 26ರಂದು ಪ್ರಧಾನಿಯ ಮಾಜಿ ಸಲಹೆಗಾರ ಡೊಮಿನಿಕ್ ಕಮಿಂಗ್ಸ್ ಸಂಸದರ ಮುಂದೆ ಸುಮಾರು ಏಳು ತಾಸು ಉತ್ತರ ಕೊಟ್ಟರು, ದೇಶವೇ ನೋಡಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಎರಡು ಸಮಿತಿಗಳು ಸೇರಿ ಬರೆದ ವರದಿ, ಆರಂಭದ ವಾರಗಳಲ್ಲಿ ಲಾಕ್‌ಡೌನ್ ಕುರಿತು ತೆಗೆದುಕೊಂಡ ನಿರ್ಧಾರಗಳನ್ನು ದೇಶ ಕಂಡ ಅತಿ ದೊಡ್ಡ ಸಾರ್ವಜನಿಕ ಆರೋಗ್ಯ ವೈಫಲ್ಯಗಳ ಸಾಲಿಗೆ ಸೇರಿಸಿತು. ಎರಡೂ ಸಮಿತಿಗಳ ಅಧ್ಯಕ್ಷರು ಆಳುವ ಪಕ್ಷದವರೇ. ಅವರಲ್ಲಿ ಒಬ್ಬರಾದ ಜೆರೆಮಿ ಹಂಟ್ 2012ರಿಂದ 2018ರವರೆಗೆ ಸ್ವತಃ ಆರೋಗ್ಯ ಸಚಿವರಾಗಿದ್ದವರು. ಅಷ್ಟೆಲ್ಲ ಮಾಡಿಯೂ ಅಲ್ಲಿ ಸಾವು ಕಡಿಮೆಯಾಗಲಿಲ್ಲ, ನಿಜ. ಆದರೆ ಯಾರು, ಯಾವಾಗ, ಏನು ಹೇಳಿದರು ಎನ್ನುವುದು ಅಲ್ಲಿನ ಕಾಲೇಜು ಹುಡುಗರಿಗೂ ಗೊತ್ತಾಯಿತು.

ನಮ್ಮ ರಾಜ್ಯದಲ್ಲೂ ಒಂದು ಪ್ರಸಂಗ ನಡೆಯಿತು. 2020ರ ಮೇ ತಿಂಗಳಲ್ಲಿ ಎಚ್.ಕೆ. ಪಾಟೀಲ ಅಧ್ಯಕ್ಷತೆಯ ವಿಧಾನಮಂಡಲದ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಕೋವಿಡ್ ಸಾಮಗ್ರಿ ಖರೀದಿಯ ಆರೋಪಗಳ ಬಗ್ಗೆ ಸ್ಥಳಕ್ಕೆ ಹೋಗಿ ಪರಿಶೀಲಿಸಲು ಹೊರಟಿತ್ತು. ಸಮಿತಿಗಳು ಸದ್ಯಕ್ಕೆ ಸ್ಥಳ ಪರಿಶೀಲನೆ ಮಾಡಬಾರದು ಎಂದು ಆಗಿನ ವಿಧಾನಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಆದೇಶಿಸಿದರು. ಪಾಟೀಲರು ಆಕ್ಷೇಪಿಸಿದರು. ಯಾರ ಪರ ನಿಲ್ಲಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಸಮಿತಿ ಗೋದಾಮಿಗೆ ಹೋಗಿ ಪೆಟ್ಟಿಗೆ ತೆರೆದು ನೋಡುವುದಕ್ಕೂ, ಬಂದ ಕಾಗದವನ್ನಷ್ಟೇ ಓದುವುದಕ್ಕೂ ವ್ಯತ್ಯಾಸ ಇದ್ದೇ ಇದೆ.

ನಾಳೆ ಪೆನ್ನು ಹಿಡಿಯುವವರು ನಾವೇ

ಈಗ ನಮ್ಮ ವಿಷಯಕ್ಕೆ ಬರುತ್ತೇನೆ, ಗೆಳೆಯರೇ. ಈ ಪುಟ ಓದುವವರಲ್ಲಿ ಸಂಸದರಾಗುವವರು ಎಷ್ಟು ಮಂದಿಯೋ ಗೊತ್ತಿಲ್ಲ. ಆದರೆ ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್, ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಎಸ್‌ಡಿಎ, ಎಫ್‌ಡಿಎ, ಡೇಟಾ ಎಂಟ್ರಿ ಆಪರೇಟರ್ ಆಗುವವರು ಸಾವಿರಾರು ಮಂದಿ ಇದ್ದಾರೆ. ನಾನು ಹೇಳಿದ ಏಣಿಯ ಮೊದಲ ಮೆಟ್ಟಿಲಲ್ಲಿ ಕೂರುವವರು ನಾವೇ. ‘ಸ್ಟಾಕ್ ನಿಲ್’ ಎಂದು ಬರೆಯುವುದೋ, ಸಾಹೇಬರು ಬೈದಾರೆಂದು ‘ಇದೆ’ ಎಂದು ಬರೆಯುವುದೋ ಎನ್ನುವ ಪ್ರಶ್ನೆ ಒಂದಲ್ಲ ಒಂದು ಸಂಜೆ ನಮ್ಮ ಮೇಜಿಗೆ ಬರುತ್ತದೆ. ಆ ಒಂದು ಸಾಲು ಜಿಲ್ಲೆಗೆ, ರಾಜ್ಯಕ್ಕೆ, ದಿಲ್ಲಿಗೆ ಹೋಗಿ, ಎರಡು ವರ್ಷದ ನಂತರ ಯಾವುದೋ ಸಮಿತಿಯ ವರದಿಯಲ್ಲಿ ಒಂದು ಅಂಕಿಯಾಗಿ ನಿಲ್ಲುತ್ತದೆ. ಅಥವಾ ನಿಲ್ಲುವುದೇ ಇಲ್ಲ.

ಗುತ್ತಿಗೆ ನೌಕರರಿಗೆ ಧೈರ್ಯ ಹೇಳುವುದು ಸುಲಭ, ಬದುಕುವುದು ಕಷ್ಟ ಎಂದು ನನ್ನ ನರ್ಸ್ ಗೆಳತಿ ಹೇಳುತ್ತಾಳೆ. ಅವಳ ಮಾತು ಸರಿ. ಹನ್ನೊಂದು ತಿಂಗಳಿಗೊಮ್ಮೆ ನವೀಕರಣಕ್ಕೆ ಕೈಚಾಚುವವಳಿಂದ ನಾವು ಎಷ್ಟು ನಿರೀಕ್ಷಿಸಬಹುದು? ಹಾಗಾಗಿ ನಿಜ ಬರೆದವರ ಬೆನ್ನಿಗೆ ನಿಲ್ಲುವ ಜನ ಹೊರಗೂ ಬೇಕು. ವರದಿ ಓದುವವರು, ಪ್ರಶ್ನೆ ಕೇಳುವವರು, ಉತ್ತರ ಸಾಲದು ಎನ್ನುವವರು.

ಅದಕ್ಕೆ ಏನು ಮಾಡಬಹುದು? ನಾವು ಮಾಡುತ್ತಿರುವುದನ್ನೇ ಹೇಳುತ್ತೇನೆ. ಸಂಸತ್ತಿನ ಅಧಿಕೃತ ಜಾಲತಾಣದಲ್ಲಿ ಎಲ್ಲ ಸ್ಥಾಯಿ ಸಮಿತಿಗಳ ವರದಿಗಳು ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇವೆ ಎನ್ನುವುದು ಕೊರತೆಯೇ. ಆದರೆ ಭಾಷೆ ನಾವು ಹೆದರಿದಷ್ಟು ಕಠಿಣವಾಗಿಲ್ಲ. ಆರೋಗ್ಯ ಸಮಿತಿಯ ವರದಿಗಳ ಕೊನೆಯಲ್ಲಿ ಶಿಫಾರಸುಗಳನ್ನೆಲ್ಲ ಒಂದೆಡೆ ಸೇರಿಸಿರುತ್ತಾರೆ. ಮೊದಲು ಅದನ್ನು ಓದಿ, ಬೇಕಾದ ಅಧ್ಯಾಯಕ್ಕೆ ಹಿಂದಿರುಗಿ. ಆರೇಳು ಜನ ಸೇರಿದರೆ ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ ಹಂಚಿಕೊಂಡು ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಮಾಡಬಹುದು. ಪ್ರಬಂಧ ಪತ್ರಿಕೆಗೆ ಇದಕ್ಕಿಂತ ಗಟ್ಟಿ ಸರಕು ಯಾವ ಗೈಡಿನಲ್ಲೂ ಸಿಗುವುದಿಲ್ಲ.

ಎರಡನೆಯದು, ಹೊಸ ವಿಷಯ ಕೈಗೆತ್ತಿಕೊಂಡಾಗ ಸಮಿತಿಗಳು ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯ ಕೇಳಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುವುದುಂಟು. ನಿಮ್ಮೂರಿನ ಆಸ್ಪತ್ರೆಯ ಅನುಭವವನ್ನು ತಾರೀಖು, ಸಂಖ್ಯೆ ಸಮೇತ ಬರೆದು ಕಳಿಸಲು ಡಿಗ್ರಿ ಬೇಕಿಲ್ಲ. ಮೂರನೆಯದು, ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ‘ಆರೋಗ್ಯ ಸುಧಾರಿಸಿ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಇಂಥ ವರದಿಯ ಇಂಥ ಶಿಫಾರಸು ನಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಬಂತು ಎಂದು ಸದನದಲ್ಲಿ ಕೇಳಿ’ ಎನ್ನಿ. ನಾಲ್ಕನೆಯದು ನಿಮಗೆ ಗೊತ್ತಿರುವುದೇ: 2005ರ ಮಾಹಿತಿ ಹಕ್ಕು ಕಾಯ್ದೆ, ಹತ್ತು ರೂಪಾಯಿ, ಮೂವತ್ತು ದಿನ.

ನಾವು ಮೂವರು ಸದ್ಯ ಒಂದು ಪತ್ರ ತಯಾರಿಸಿದ್ದೇವೆ. ಕೋವಿಡ್ ಕಾಲದಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಬಂದ ಆಮ್ಲಜನಕ ಘಟಕಗಳು ಎಷ್ಟು, ಇವತ್ತು ಅವುಗಳಲ್ಲಿ ಚಾಲೂ ಇರುವುದು ಎಷ್ಟು, ನಡೆಸಲು ತರಬೇತಿ ಪಡೆದವರು ಯಾರಿದ್ದಾರೆ, ಕೊನೆಯ ಸಲ ರಿಪೇರಿ ಆದದ್ದು ಯಾವಾಗ ಎಂಬ ನಾಲ್ಕು ಪ್ರಶ್ನೆಗಳು ಅದರಲ್ಲಿವೆ. ಪ್ರಶ್ನೆಗಳನ್ನು ಬರೆದವಳು ನರ್ಸ್, ಟೈಪ್ ಮಾಡಿದವಳು ಡೇಟಾ ಎಂಟ್ರಿಯವಳು, ಯಾವ ಕಚೇರಿಗೆ ಕಳಿಸಬೇಕೆಂದು ಹುಡುಕಿದವಳು ನಾನು. ಉತ್ತರ ಬಂದರೆ ಕೇಸ್ ಶೀಟ್ ಓದುವ ಹಾಗೆ, ಬರೆದದ್ದರ ಜೊತೆಗೆ ಬರೆಯದೆ ಬಿಟ್ಟದ್ದನ್ನೂ ಓದುತ್ತೇವೆ.